ಕ್ಯಾಲ್ಕುಲಸ್ ಮುಗೀತು, ಮುಂದೆ ಯಾವ ಪೇಪರ್?

(ರಾಯಚೂರಿನ ಒಂದು ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ ವಿದ್ಯಾರ್ಥಿಗಳ ಮುಂದೆ ಗಣಿತ ಅಧ್ಯಾಪಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಒಳಗೆ ಬರುವಾಗ ಬಾಗಿಲ ಹತ್ತಿರ ಒಬ್ಬ ಹುಡುಗ ನನ್ನನ್ನು ನಿಲ್ಲಿಸಿ ಕೇಳಿದ: "ಮೇಡಂ, ಕ್ಯಾಲ್ಕುಲಸ್ ಮುಗೀತ್ರಿ. ಮುಂದ ಯಾವ ಪೇಪರ್ ತಗೊಂಡ್ರ ಮಾರ್ಕ್ಸ್ ಜಾಸ್ತಿ ಬೀಳ್ತಾವ್ರಿ?"

ತಮ್ಮಾ, ನಿನ್ನ ಪ್ರಶ್ನೆ ತಪ್ಪಲ್ಲ. ಸ್ಕಾಲರ್‌ಶಿಪ್ ಉಳಿಸಿಕೊಳ್ಳಬೇಕು. ಎಂ.ಎಸ್ಸಿ ಸೀಟು ಸಿಗಬೇಕು. ಬಿ.ಎಡ್ ಮೆರಿಟ್ ಪಟ್ಟಿಯಲ್ಲಿ ಹೆಸರು ಬರಬೇಕು. ಮಾರ್ಕ್ಸ್ ಬೇಡ ಎಂದು ಹೇಳಲು ನಾನು ಬಂದಿಲ್ಲ. ಆದರೆ ಇದೇ ಪ್ರಶ್ನೆಯನ್ನು ನಾನೂ ನಿಮ್ಮ ವಯಸ್ಸಿನಲ್ಲಿ ಕೇಳಿದ್ದೆ. ಸಿಕ್ಕ ಉತ್ತರದಂತೆ ನಡೆದೆ. ಆಮೇಲೆ ಎರಡು ವರ್ಷ ಕಷ್ಟಪಟ್ಟೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮದು ಲಿಂಗಸುಗೂರು ತಾಲೂಕಿನ ಒಂದು ಹಳ್ಳಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ನಮ್ಮ ಅಪ್ಪ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಕೂಡಿಸುವ ವೇಗ ನೋಡಿಯೇ ನನಗೆ ಗಣಿತ ಹಿಡಿಸಿತು. ಡಿಗ್ರಿಯಲ್ಲಿ ಕ್ಯಾಲ್ಕುಲಸ್ ಚೆನ್ನಾಗಿ ಬಂತು. ಇಂಟಿಗ್ರೇಷನ್ ಅಂದರೆ ಖುಷಿ. ಆಮೇಲೆ ಪೇಪರ್ ಆರಿಸುವ ಹೊತ್ತು ಬಂತು. ಸೀನಿಯರ್‌ಗಳು ಹೇಳಿದರು, ಗೈಡ್ ಸಿಗೋ ಪೇಪರ್ ತಗೋ, ಸ್ಟೆಪ್ಸ್ ಬರೆದರೆ ಮಾರ್ಕ್ಸ್ ಗ್ಯಾರಂಟಿ. ತಗೊಂಡೆ. ರಿಯಲ್ ಅನಾಲಿಸಿಸ್ ಕಡ್ಡಾಯ ಇತ್ತು, ಅದರಲ್ಲಿ ಹನ್ನೆರಡು 'ಇಂಪಾರ್ಟೆಂಟ್' ಪ್ರಮೇಯ ಬಾಯಿಪಾಠ ಮಾಡಿದೆ. ಮಾರ್ಕ್ಸ್ ಬಂತು. ಎಂ.ಎಸ್ಸಿ ಸೀಟೂ ಸಿಕ್ಕಿತು.

ಎಂ.ಎಸ್ಸಿಯ ಮೊದಲ ಟೆಸ್ಟಿನಲ್ಲಿ ನನಗೆ ಇಪ್ಪತ್ತಕ್ಕೆ ಮೂರು. ಪ್ರಶ್ನೆಗಳಲ್ಲಿ ಒಂದೂ ನಾನು ಬಾಯಿಪಾಠ ಮಾಡಿದ್ದು ಇರಲಿಲ್ಲ. 'ಇದು ನಿಜವೋ ಸುಳ್ಳೋ? ನಿಜವಾದರೆ ಸಾಧಿಸಿ, ಸುಳ್ಳಾದರೆ ಒಂದು ಉದಾಹರಣೆ ಕೊಡಿ' ಎಂದು ಕೇಳಿದ್ದರು. ಹಾಗೆ ನನ್ನನ್ನು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಗಣಿತ ನನಗೆ ಬರುತ್ತದೆ ಎಂದುಕೊಂಡಿದ್ದೆ. ಆ ದಿನ ಹಾಸ್ಟೆಲ್ ರೂಮಿನಲ್ಲಿ ಕೂತು, ನನಗೆ ಬರುವುದು ಗಣಿತವಾ ಅಥವಾ ಸ್ಟೆಪ್ಸಾ ಅಂತ ನನ್ನನ್ನೇ ಕೇಳಿಕೊಂಡೆ.

ನಿಮ್ಮಲ್ಲಿ ಒಬ್ಬರಿಗೂ ಹಾಗಾಗಬಾರದು. ಅದಕ್ಕೇ ಬಂದಿದ್ದೇನೆ.

ಕ್ಯಾಲ್ಕುಲಸ್‌ವರೆಗೆ ಎಲ್ಲರಿಗೂ ದಾರಿ ಒಂದೇ. ಇಲ್ಲಿಂದ ಗುಂತಕಲ್‌ವರೆಗೆ ರೈಲಿನಲ್ಲಿ ಹೋದಂತೆ. ಗುಂತಕಲ್‌ನಲ್ಲಿ ಬಳ್ಳಾರಿಯ ಹಳಿ ಒಂದು ಕಡೆ, ಗುತ್ತಿಯ ಹಳಿ ಒಂದು ಕಡೆ, ನಂದ್ಯಾಲದ ಹಳಿ ಇನ್ನೊಂದು ಕಡೆ ಹೋಗುತ್ತದೆ. ಅಲ್ಲಿ ಇಳಿದು ಯಾವ ರೈಲು ಮೊದಲು ಬರುತ್ತೋ ಅದನ್ನು ಹತ್ತುತ್ತೇವಾ? ಎಲ್ಲಿಗೆ ಹೋಗಬೇಕು ಅಂತ ನೋಡಿ ಹತ್ತುತ್ತೇವೆ, ಅಲ್ವಾ?

ನಿಮ್ಮ ಮುಂದೆ ಆರು ಪೇಪರ್ ಇದ್ದು ಮೂರು ಆರಿಸಬೇಕು ಎಂದುಕೊಳ್ಳಿ. ಎಷ್ಟು ರೀತಿಯಲ್ಲಿ ಆರಿಸಬಹುದು? ಆರು ಸಲ ಐದು ಸಲ ನಾಲ್ಕು, ಅದನ್ನು ಒಂದು ಸಲ ಎರಡು ಸಲ ಮೂರರಿಂದ ಭಾಗಿಸಿ. 120 ಭಾಗ 6, ಅಂದರೆ 20. ಈ ಸೂತ್ರ ನಿಮಗೆ ಪಿಯುಸಿಯಲ್ಲಿ ಬಂದಿದೆ. ಇದನ್ನು ಸಾಮಾನ್ಯ ಸೂತ್ರವಾಗಿ, ಎಷ್ಟರಲ್ಲಿ ಎಷ್ಟನ್ನು ಬೇಕಾದರೂ ಆರಿಸುವಂತೆ, ಬರೆದಿಟ್ಟವನು ಮಹಾವೀರಾಚಾರ್ಯ. 9ನೇ ಶತಮಾನ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ. ಆತನ ಗ್ರಂಥ ಗಣಿತಸಾರಸಂಗ್ರಹ. ನೃಪತುಂಗನ ರಾಜಧಾನಿ ಮಾನ್ಯಖೇಟ ಅಂದರೆ ಈಗಿನ ಮಳಖೇಡ, ನಮ್ಮ ಹತ್ತಿರದ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕು. ನಮ್ಮ ಮಕ್ಕಳು ಗಣಿತ ಅಂದರೆ ಬೆಂಗಳೂರಿನದು, ದೆಹಲಿಯದು ಎಂದುಕೊಳ್ಳುತ್ತಾರೆ. ಅದಕ್ಕೇ ಈ ಮಾತು ಹೇಳಬೇಕೆನಿಸಿತು. ಈ ಮಣ್ಣಿನಲ್ಲಿ ಸಾವಿರದ ನೂರು ವರ್ಷದ ಹಿಂದೆಯೇ ಗಣಿತವನ್ನು ಗಂಭೀರವಾಗಿ ಮಾಡಿದ್ದಾರೆ.

ಸರಿ, 20 ದಾರಿಗಳಿವೆ. ನನ್ನನ್ನು ಕೇಳಿದರೆ ಅವುಗಳಲ್ಲಿ ಒಂದು ಸ್ಥಾನವನ್ನು ಕಣ್ಣುಮುಚ್ಚಿ ಲೀನಿಯರ್ ಆಲ್ಜೀಬ್ರಾಗೆ ಕೊಡಿ. ನೀವು ಮುಂದೆ ಏನೇ ಆಗಿ, ಟೀಚರ್, ಬ್ಯಾಂಕು, ಡೇಟಾ ಕೆಲಸ, ಫಿಸಿಕ್ಸ್, ಅದು ಬೇಕಾಗುತ್ತದೆ.

ಪಿಯುಸಿಯಲ್ಲಿ ಮಾತೃಕೆ, ಅಂದರೆ ಮ್ಯಾಟ್ರಿಕ್ಸ್, ಮಾಡಿದ್ದೀರಿ. ಲೀನಿಯರ್ ಆಲ್ಜೀಬ್ರಾ ಅದರದೇ ಮುಂದುವರಿಕೆ. ಸಾಲು, ಕಂಬ, ಗುಣಿಸು. ಯಾಕೆ ಹಾಗೆ ವಿಚಿತ್ರವಾಗಿ ಗುಣಿಸುತ್ತೇವೆ ಅಂತ ಯಾರಾದರೂ ಹೇಳಿದರಾ? ನನಗೂ ಹೇಳಿರಲಿಲ್ಲ. ನಮ್ಮ ಕಡೆಯ ಒಂದು ಉದಾಹರಣೆ ತಗೊಳ್ಳೋಣ. ಗುಳೆ. ನಿಮ್ಮ ಓಣಿಯಲ್ಲೂ ಬೇಸಿಗೆಗೆ ಬೀಗ ಬೀಳುವ ಮನೆಗಳಿವೆ. ಒಂದಿಷ್ಟು ಹಳ್ಳಿಗಳಲ್ಲಿ 9,000 ಜನ ಇದ್ದಾರೆ ಎಂದುಕೊಳ್ಳಿ. ಇದು ಲೆಕ್ಕಕ್ಕೆಂದು ಹಿಡಿದ ಸಂಖ್ಯೆ, ಎಲ್ಲಿಯ ಸಮೀಕ್ಷೆಯೂ ಅಲ್ಲ. ಪ್ರತಿ ವರ್ಷ ಹಳ್ಳಿಯಲ್ಲಿರುವವರಲ್ಲಿ ನೂರಕ್ಕೆ 10 ಜನ ಪಟ್ಟಣಕ್ಕೆ ಹೋಗುತ್ತಾರೆ. ಪಟ್ಟಣದಲ್ಲಿರುವವರಲ್ಲಿ ನೂರಕ್ಕೆ 5 ಜನ ವಾಪಸ್ ಬರುತ್ತಾರೆ. ಹೀಗೇ ನಡೆದರೆ ಹಳ್ಳಿ ಪೂರ್ತಿ ಖಾಲಿ ಆಗುತ್ತದಾ?

ಮೊದಲ ವರ್ಷ ಹಳ್ಳಿಯಲ್ಲಿ 8,100, ಪಟ್ಟಣದಲ್ಲಿ 900. ಎರಡನೆಯ ವರ್ಷ 8,100ರಲ್ಲಿ ಉಳಿಯುವವರು 7,290, ವಾಪಸ್ ಬರುವವರು 45. ಒಟ್ಟು 7,335. ಹೀಗೆ ವರ್ಷ ವರ್ಷ ಗುಣಿಸುತ್ತಾ ಹೋಗುವುದೇ ಮಾತೃಕೆಯನ್ನು ಮತ್ತೆ ಮತ್ತೆ ಗುಣಿಸುವುದು. ಇಲ್ಲಿ ಒಂದು ಸುಂದರ ವಿಷಯ ಇದೆ, ಸ್ವಲ್ಪ ಗಮನಿಸಿ. ಹೋಗುವವರ ಸಂಖ್ಯೆ, ಬರುವವರ ಸಂಖ್ಯೆ ಸಮ ಆದ ಕಡೆ ಲೆಕ್ಕ ನಿಲ್ಲುತ್ತದೆ. ಹಳ್ಳಿಯ ನೂರಕ್ಕೆ 10, ಪಟ್ಟಣದ ನೂರಕ್ಕೆ 5 ಸಮ ಆಗಬೇಕಾದರೆ ಪಟ್ಟಣದಲ್ಲಿ ಹಳ್ಳಿಯ ಎರಡರಷ್ಟು ಜನ ಇರಬೇಕು. ಅಂದರೆ ಹಳ್ಳಿಯಲ್ಲಿ 3,000, ಪಟ್ಟಣದಲ್ಲಿ 6,000. ಈಗ ಹಳ್ಳಿಯ ಸಂಖ್ಯೆ 3,000ದಿಂದ ಎಷ್ಟು ದೂರ ಇದೆ ನೋಡಿ. ಮೊದಲು 6,000. ಆಮೇಲೆ 5,100. ಆಮೇಲೆ 4,335. ಪ್ರತಿ ಸಲ 0.85ರಿಂದ ಗುಣಿಸಿದಷ್ಟೇ! ಎಲ್ಲಿಂದ ಶುರು ಮಾಡಿದರೂ ಇದೇ 0.85. ಈ ಸಂಖ್ಯೆ ಮಾತೃಕೆಯ ಒಳಗೇ ಅಡಗಿ ಕೂತಿದೆ. ಅದನ್ನು ಐಗನ್ ವ್ಯಾಲ್ಯೂ ಅನ್ನುತ್ತೇವೆ. ಗೈಡಿನಲ್ಲಿ ಅದು 'ಡಿಟರ್ಮಿನೆಂಟ್ ಸೊನ್ನೆಗೆ ಸಮ ಹಾಕಿ ಬಿಡಿಸಿ' ಅನ್ನುವ ಐದು ಮಾರ್ಕಿನ ಲೆಕ್ಕ. ನಿಜವಾಗಿ ಅದು ಒಂದು ವ್ಯವಸ್ಥೆ ಎಷ್ಟು ಬೇಗ ನೆಲೆಗೆ ಬರುತ್ತದೆ ಅಂತ ಹೇಳುವ ಸಂಖ್ಯೆ. ಗೂಗಲ್ ಶುರುವಾದಾಗ ವೆಬ್ ಪುಟಗಳಿಗೆ ಸ್ಥಾನ ಕೊಟ್ಟಿದ್ದು ಇದೇ ಲೆಕ್ಕದ ದೊಡ್ಡ ರೂಪದಿಂದ. ಹಳ್ಳಿ, ಪಟ್ಟಣದ ಜಾಗದಲ್ಲಿ ಕೋಟಿಗಟ್ಟಲೆ ಪುಟಗಳು, ಗುಳೆ ಹೋಗುವವರ ಜಾಗದಲ್ಲಿ ಲಿಂಕ್ ಒತ್ತಿ ಪುಟದಿಂದ ಪುಟಕ್ಕೆ ಹೋಗುವವರು.

ಎರಡನೆಯ ಸ್ಥಾನವನ್ನು ಸಾಧನೆಯ ಪೇಪರಿಗೆ ಕೊಡಿ. ಸಾಧನೆ ಅಂದರೆ ಇಲ್ಲಿ ಪ್ರಮೇಯದ ಸಾಧನೆ, ಪ್ರೂಫ್. ಅದು ರಿಯಲ್ ಅನಾಲಿಸಿಸ್ ಆಗಬಹುದು, ಆಲ್ಜೀಬ್ರಾ ಆಗಬಹುದು. ನಂಬರ್ ಥಿಯರಿ ಆದರೂ ಸರಿ. ಆದರೆ ಒಂದಾದರೂ ಇರಲಿ, ಮತ್ತು ಬೇಗ ಇರಲಿ. ನನ್ನ ಹಾಗೆ ಎಂ.ಎಸ್ಸಿಗೆ ಹೋಗಿ ಮೊದಲ ಸಲ ಅದರ ಮುಖ ನೋಡಬೇಡಿ.

ಅನಾಲಿಸಿಸ್ ಯಾಕೆ ಅಂತ ಕೇಳಿ. ಕ್ಯಾಲ್ಕುಲಸ್‌ನಲ್ಲಿ ಲಿಮಿಟ್ ಹಾಕಿ ಉತ್ತರ ಬಂದಮೇಲೆ ಮತ್ತೆ ಎಪ್ಸಿಲಾನ್-ಡೆಲ್ಟಾ ಅಂತ, 'ಹತ್ತಿರ' ಅಂದರೆ ಎಷ್ಟು ಹತ್ತಿರ ಅಂತ ಅಳೆಯುತ್ತಾ, ಅದನ್ನೇ ಯಾಕೆ ಅಗೆಯಬೇಕು? ನ್ಯೂಟನ್, ಲೈಬ್ನಿಟ್ಸ್ ಕೂಡ ಅಗೆಯಲಿಲ್ಲ. ಅವರು 17ನೇ ಶತಮಾನದಲ್ಲಿ ಕ್ಯಾಲ್ಕುಲಸ್ ಕಟ್ಟಿದರು. ಅದಕ್ಕೆ ಗಟ್ಟಿ ಬುನಾದಿ ಹಾಕುವ ಕೆಲಸ ಫ್ರಾನ್ಸಿನ ಗಣಿತಜ್ಞ ಕೋಶಿ 1821ರಲ್ಲಿ ಹೊರತಂದ ಪಾಠಗಳಿಂದ ಬಲವಾಗಿ ಶುರುವಾಗಿ, ಜರ್ಮನಿಯ ವೈಯರ್‌ಸ್ಟ್ರಾಸ್ ಕಾಲಕ್ಕೆ ಒಂದು ರೂಪಕ್ಕೆ ಬಂತು. ನಡುವೆ ನೂರೈವತ್ತು ವರ್ಷ ಜನ ಬುನಾದಿ ಇಲ್ಲದೆಯೇ ಮನೆ ಕಟ್ಟುತ್ತಾ ಹೋದರು. ಆಮೇಲೆ ಗೋಡೆ ಬಿರುಕು ಬಿಡತೊಡಗಿತು. ಒಂದು ಬಿರುಕು ತೋರಿಸುತ್ತೇನೆ.

ಕಿರಾಣಿ ಅಂಗಡಿಯ ಚೀಟಿಯಲ್ಲಿ ಹತ್ತು ಸಾಮಾನು ಇದೆ. ಮೇಲಿನಿಂದ ಕೂಡಿಸಿದರೂ ಕೆಳಗಿನಿಂದ ಕೂಡಿಸಿದರೂ ಮೊತ್ತ ಒಂದೇ. ಇದನ್ನು ನಾವು ಯಾವತ್ತೂ ಅನುಮಾನಿಸಿಲ್ಲ. ಈಗ ಮುಗಿಯದ ಒಂದು ಚೀಟಿ ತಗೊಳ್ಳಿ. ಒಂದು, ಅದರಿಂದ ಅರ್ಧ ಕಳೆ, ಮೂರನೇ ಒಂದು ಕೂಡಿಸು, ನಾಲ್ಕನೇ ಒಂದು ಕಳೆ, ಐದನೇ ಒಂದು ಕೂಡಿಸು. ಹೀಗೇ ಹೋಗುತ್ತಾ ಇದ್ದರೆ ಮೊತ್ತ 0.693ರ ಹತ್ತಿರ ನಿಲ್ಲುತ್ತದೆ. ಅದು 2ರ ನ್ಯಾಚುರಲ್ ಲಾಗರಿದಮ್. ಈಗ ಅವೇ ಸಂಖ್ಯೆಗಳನ್ನು, ಒಂದನ್ನೂ ಬಿಡದೆ, ಬೇರೆ ಸರದಿಯಲ್ಲಿ ಇಡೋಣ. ಕೂಡಿಸುವುದು ಒಂದು, ಕಳೆಯುವುದು ಎರಡು. ಒಂದು, ಕಳೆ ಅರ್ಧ, ಕಳೆ ನಾಲ್ಕನೇ ಒಂದು. ಮೂರನೇ ಒಂದು, ಕಳೆ ಆರನೇ ಒಂದು, ಕಳೆ ಎಂಟನೇ ಒಂದು. ಮೊತ್ತ ಎಷ್ಟು ಗೊತ್ತಾ? ಮೊದಲಿನ ಮೊತ್ತದ ಸರಿಯಾಗಿ ಅರ್ಧ. ಅದೇ ಸಾಮಾನು, ಅದೇ ದರ, ಚೀಟಿ ಬರೆದ ಸರದಿ ಮಾತ್ರ ಬೇರೆ, ಬಿಲ್ಲು ಅರ್ಧ!

ಮನೆಗೆ ಹೋಗಿ ಕಾಗದದ ಮೇಲೆ ಮಾಡಿ ನೋಡಿ. ಪ್ರತಿ ಗುಂಪಿನ ಮೊದಲ ಎರಡನ್ನು ಸೇರಿಸಿ: ಒಂದರಲ್ಲಿ ಅರ್ಧ ಹೋದರೆ ಅರ್ಧ, ಮೂರನೇ ಒಂದರಲ್ಲಿ ಆರನೇ ಒಂದು ಹೋದರೆ ಆರನೇ ಒಂದು. ತಾನಾಗಿ ಕಾಣುತ್ತದೆ. ಇದನ್ನು ನೋಡಿದ ಮೇಲೆ 'ಮುಗಿಯದಷ್ಟು ಸಂಖ್ಯೆ ಕೂಡಿಸುವುದು' ಅಂದರೆ ಏನು ಅಂತ ಸರಿಯಾಗಿ ತಿಳಿಯಬೇಕು ಅನಿಸುತ್ತದೆ ಅಲ್ವಾ? ಹಾಗೆ ಅನಿಸಿದರೆ ನಿಮಗೆ ಅನಾಲಿಸಿಸ್ ಹಿಡಿಸುತ್ತದೆ.

ಭಾಷೆಯ ಬಗ್ಗೆ ಇಲ್ಲೇ ಒಂದು ಮಾತು. ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ಪೇಪರ್ ಕಬ್ಬಿಣದ ಕಡಲೆ ಅನ್ನುತ್ತಾರೆ. ನನಗೆ ಅದು ಬಿಡಿಸಿಕೊಂಡದ್ದು ಕನ್ನಡದಲ್ಲೇ. ಆ ಮೂರು ಮಾರ್ಕಿನ ಟೆಸ್ಟಿನ ನಂತರ ನಮ್ಮ ಹಾಸ್ಟೆಲಿನ ಅಕ್ಕ ಒಬ್ಬರು ನನ್ನನ್ನು ಕೂರಿಸಿಕೊಂಡು ಕೇಳಿದರು: "ಪ್ರತಿ ಬೀಗಕ್ಕೂ ಒಂದು ಕೀಲಿಕೈ ಇದೆ. ಒಂದು ಕೀಲಿಕೈ ಇದೆ, ಅದು ಎಲ್ಲಾ ಬೀಗಕ್ಕೂ ಆಗುತ್ತೆ. ಎರಡೂ ಒಂದೇನಾ?" ಅಲ್ಲ ಅಂದೆ. ಮೊದಲನೆಯದು ಪ್ರತಿ ಮನೆಯ ಮಾತು. ಎರಡನೆಯದು ಕಳ್ಳನ ಕೈಯಲ್ಲಿರುವ ಕೀಲಿ. "ಅಷ್ಟೇ ಕಣೇ" ಅಂದರು. "ಕಂಟಿನ್ಯುಯಿಟಿ ಮೊದಲನೆಯದು, ಯೂನಿಫಾರ್ಮ್ ಕಂಟಿನ್ಯುಯಿಟಿ ಎರಡನೆಯದು. ಬಿಂದು ಅನ್ನೋದು ಬೀಗ, ಡೆಲ್ಟಾ ಅನ್ನೋದು ಕೀಲಿಕೈ." ಆರು ತಿಂಗಳು ಅರ್ಥ ಆಗದ್ದು ಎರಡು ನಿಮಿಷದಲ್ಲಿ ಅರ್ಥ ಆಯಿತು. ಆವತ್ತಿನಿಂದ ನಾನು ಪ್ರತಿ ವ್ಯಾಖ್ಯೆಯನ್ನು ಮೊದಲು ಕನ್ನಡದಲ್ಲಿ ಒಬ್ಬರಿಗೆ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತೇನೆ. ನೀವೂ ಹಾಗೇ ಮಾಡಿ. ಪರೀಕ್ಷೆಗೆ ಇಂಗ್ಲಿಷ್ ಬೇಕು, ನಿಜ. ಆದರೆ ವಾಕ್ಯದ ಅರ್ಥ ಮೊದಲು ಮನಸ್ಸಿನ ಭಾಷೆಯಲ್ಲಿ ಕೂರಬೇಕು.

ಈಗ ಮೂರನೆಯ ಸ್ಥಾನ. ಇಲ್ಲಿ ನಿಮ್ಮ ಸ್ವಭಾವ ನೋಡಬೇಕು.

ಕೆಲವರಿಗೆ ಹರಿಯುವುದು, ಬದಲಾಗುವುದು, ತಣ್ಣಗಾಗುವುದು, ಬೆಳೆಯುವುದು ಇಷ್ಟ. ಅವರಿಗೆ ಡಿಫರೆನ್ಶಿಯಲ್ ಈಕ್ವೇಶನ್. ಮನೆಯ ಮೇಲಿನ ಟ್ಯಾಂಕಿನ ಕೆಳಗೆ ನಲ್ಲಿ ತೆರೆದು ಬಿಟ್ಟಿದ್ದೀರಿ. ತುಂಬಿದ ಟ್ಯಾಂಕು ಖಾಲಿ ಆಗಲು 100 ನಿಮಿಷ ಬೇಕು ಎಂದುಕೊಳ್ಳಿ. ಅರ್ಧಕ್ಕೆ ಇಳಿಯಲು ಎಷ್ಟು? ಐವತ್ತು ಅನ್ನುತ್ತೀರಿ. ಸುಮಾರು 29. ಯಾಕೆಂದರೆ ನೀರು ಹೊರಬೀಳುವ ವೇಗ ಒಳಗಿನ ಎತ್ತರದ ವರ್ಗಮೂಲದಂತೆ ಇರುತ್ತದೆ. ಇಟಲಿಯ ವಿಜ್ಞಾನಿ ಟೊರಿಸೆಲ್ಲಿ ಇದನ್ನು 17ನೇ ಶತಮಾನದಲ್ಲೇ ಹೇಳಿದ. ಮೇಲಿನ ಅರ್ಧ ಬೇಗ ಹೋಗುತ್ತದೆ, ಕೆಳಗಿನ ಅರ್ಧ 71 ನಿಮಿಷ ಎಳೆಯುತ್ತದೆ.

ಇದನ್ನೇ ದೊಡ್ಡದಾಗಿ ಯೋಚಿಸಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಎಡದಂಡೆ ಕಾಲುವೆಯ ಕೊನೆಯ ಭಾಗದ ಊರುಗಳಿಂದ ಬಂದವರು ಇಲ್ಲಿ ಎಷ್ಟು ಜನ ಇದ್ದೀರಿ! ಮಾನ್ವಿ, ಸಿರವಾರ ಕಡೆಯವರಿಗೆ ಆ ವಾರ ನಿದ್ದೆ ಬಂದಿರಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಎಷ್ಟು ಟಿಎಂಸಿ ಹೋಗುತ್ತದೆ? 11,574 ಕ್ಯೂಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ, ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಹಾಗಾಗಿ ದಿನ ಎಣಿಸಿ ಗುಣಿಸಿದರೆ ಮುಗೀತು ಅನ್ನಿಸುತ್ತದೆ. ಮುಗಿಯುವುದಿಲ್ಲ. ನೀರು ಇಳಿದಂತೆ ಹೊರಹರಿವೂ ಇಳಿಯುತ್ತದೆ. ಗೇಟು ಇಲ್ಲದ ಕಂಡಿಯಲ್ಲಿ ಅಂಚಿನ ಮೇಲಿನ ನೀರಿನ ಎತ್ತರ ಕಾಲು ಭಾಗಕ್ಕೆ ಇಳಿದರೆ ಹರಿವು ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹರಿವು ನೀರಿನ ಮಟ್ಟವನ್ನು ಬದಲಿಸುತ್ತದೆ, ಮಟ್ಟ ಹರಿವನ್ನು ಬದಲಿಸುತ್ತದೆ. ಒಂದನ್ನೊಂದು ಹಿಡಿದು ಎಳೆಯುವ ಈ ಸಂಬಂಧವನ್ನು ಬರೆಯುವ ಭಾಷೆಯೇ ಡಿಫರೆನ್ಶಿಯಲ್ ಈಕ್ವೇಶನ್. ಇದಕ್ಕೆ ಮೊದಲು ಹಲವು ಚರಗಳ ಕ್ಯಾಲ್ಕುಲಸ್, ಅಂದರೆ ಪಾರ್ಶಿಯಲ್ ಡೆರಿವೇಟಿವ್, ಡಬಲ್ ಇಂಟಿಗ್ರಲ್ ಇರುವ ಪೇಪರ್, ಮಾಡಿಕೊಂಡಿದ್ದರೆ ಮುಂದಿನ ದಾರಿ ಸಲೀಸು. ಫಿಸಿಕ್ಸ್ ಜೊತೆಗಿರುವವರು ಅದನ್ನು ಬಿಡಲೇಬೇಡಿ.

ಇನ್ನು ಕೆಲವರಿಗೆ 'ಪೂರ್ತಿ ಗೊತ್ತಿಲ್ಲದೆ ಎಷ್ಟು ಹೇಳಬಹುದು' ಅನ್ನುವುದರಲ್ಲಿ ಆಸಕ್ತಿ. ಅವರಿಗೆ ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ನಮ್ಮ ಕಡೆಯ ಹುಡುಗರು ಇದನ್ನು ಗಣಿತವೇ ಅಲ್ಲ, ಕಾಮರ್ಸ್‌ನವರ ವಿಷಯ ಅಂತ ಬಿಡುತ್ತಾರೆ. ನನಗೆ ಬೇಸರ ಆಗುತ್ತದೆ.

ಬೆಳೆ ವಿಮೆ ನಿಮ್ಮ ಮನೆಗಳಲ್ಲಿ ಮಾತಿಗೆ ಬಂದೇ ಬಂದಿರುತ್ತದೆ. ಪರಿಹಾರ ಬರುತ್ತದೋ ಇಲ್ಲವೋ ಅನ್ನುವುದು ಬೆಳೆ ಕಟಾವು ಪ್ರಯೋಗದ ಮೇಲೆ ನಿಂತಿದೆ. ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಯಲ್ಲಿ ಕನಿಷ್ಠ ನಾಲ್ಕು ಪ್ರಯೋಗ. ನಾಲ್ಕು ಕಡೆ ಅಳತೆಯ ಜಾಗ ಗುರುತಿಸಿ, ಕೊಯ್ದು, ತೂಗಿ, ಅದರಿಂದ ಇಡೀ ಪಂಚಾಯಿತಿಯ ಇಳುವರಿ ಹೇಳುತ್ತಾರೆ. ನಿಮ್ಮ ಕಾಕಾ ಕೇಳುತ್ತಾರೆ, "ನಮ್ಮ ಹೊಲಕ್ಕ ಬರದೇ ನಮ್ಮ ಬೆಳಿ ಎಷ್ಟು ಅಂತ ಹೆಂಗ ಹೇಳ್ತಾರ?" ನ್ಯಾಯವಾದ ಪ್ರಶ್ನೆ. ಉತ್ತರ ಗಣಿತದಲ್ಲಿದೆ. ಹೊಲವನ್ನು ಯಾರದೋ ಇಷ್ಟದಂತೆ ಆರಿಸದೆ, ಚೀಟಿ ಎತ್ತಿದಂತೆ ಆರಿಸಿದರೆ, ಸರಾಸರಿಯ ತಪ್ಪು ಎಷ್ಟಿರಬಹುದು ಅಂತ ಮೊದಲೇ ಅಂದಾಜು ಮಾಡಬಹುದು. ಆ ತಪ್ಪು ಹೊಲಗಳ ಸಂಖ್ಯೆಯ ವರ್ಗಮೂಲದಂತೆ ಕಡಿಮೆ ಆಗುತ್ತದೆ. ನಾಲ್ಕು ಕಡೆ ಕೊಯ್ದಾಗ ಇರುವ ತಪ್ಪನ್ನು ಅರ್ಧ ಮಾಡಬೇಕಾದರೆ ಎಂಟು ಸಾಲದು, ಹದಿನಾರು ಕಡೆ ಕೊಯ್ಯಬೇಕು. ಈ ವಿದ್ಯೆ ಗೊತ್ತಿದ್ದವರು ನಿಮ್ಮ ಕಾಕಾನ ಪರವಾಗಿ ಸರಿಯಾದ ಪ್ರಶ್ನೆ ಕೇಳಬಲ್ಲರು. ನಾಲ್ಕು ಸಾಕೇ? ಆರಿಸಿದ್ದು ಹೇಗೆ? ನೀರಾವರಿ ಹೊಲ, ಮಳೆಯಾಶ್ರಿತ ಹೊಲ ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ದೀರಾ?

ಈ ವಿದ್ಯೆಯ ಬಹು ದೊಡ್ಡ ಹೆಸರು ನಮ್ಮ ಪಕ್ಕದಲ್ಲೇ ಹುಟ್ಟಿದ್ದು. ಸಿ.ಆರ್. ರಾವ್. 1920ರ ಸೆಪ್ಟೆಂಬರ್ 10, ಹೂವಿನಹಡಗಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಈಗ ವಿಜಯನಗರ ಜಿಲ್ಲೆ. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಸ್ನಾತಕೋತ್ತರ ಪದವಿ ಮಾಡಿದರು. ಕೆಲಸ ಹುಡುಕಿಕೊಂಡು ಕಲ್ಕತ್ತಾಕ್ಕೆ ಹೋದರು. ಆ ಕೆಲಸ ಸಿಗಲಿಲ್ಲ. ಅಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಕಟ್ಟಿದ್ದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಬಗ್ಗೆ ತಿಳಿಯಿತು. 1941ರಲ್ಲಿ ಅಲ್ಲಿ ಸೇರಿದರು. ಕೆಲವು ವರ್ಷದ ನಂತರ ಅವರು ಕಲ್ಕತ್ತಾದಲ್ಲಿ ಪಾಠ ಮಾಡುತ್ತಿದ್ದಾಗ ಒಬ್ಬ ವಿದ್ಯಾರ್ಥಿ ಕೇಳಿದ: ಈ ಫಲಿತಾಂಶ ದೊಡ್ಡ ಮಾದರಿಗೆ, ಅಂದರೆ ದೊಡ್ಡ ಸ್ಯಾಂಪಲ್‌ಗೆ, ನಿಜ ಅಂದಿರಿ, ಸಣ್ಣ ಮಾದರಿಗೂ ಹೇಳಬಹುದೇ? ರಾವ್ ಆ ರಾತ್ರಿ ಕೂತು ಅದನ್ನು ಸಾಧಿಸಿದರು. 1945ರಲ್ಲಿ ಪ್ರಕಟವಾಯಿತು. ಅದಕ್ಕೆ ಇವತ್ತು ಕ್ರಾಮರ್-ರಾವ್ ಮಿತಿ ಎಂದು ಹೆಸರು. ಒಂದೇ ಕಡೆಗೆ ವಾಲದ (ಅನ್‌ಬಯಸ್ಡ್) ವಿಧಾನಗಳಲ್ಲಿ ಎಷ್ಟೇ ಜಾಣ ವಿಧಾನ ಬಳಸಿದರೂ, ಕೈಯಲ್ಲಿರುವ ಮಾಹಿತಿಯಿಂದ ಇದಕ್ಕಿಂತ ಹೆಚ್ಚು ನಿಖರ ಉತ್ತರ ತೆಗೆಯಲಾಗದು ಅನ್ನುವ ಗೆರೆ ಅದು. 2023ರಲ್ಲಿ, 102ನೇ ವಯಸ್ಸಿನಲ್ಲಿ, ಅವರಿಗೆ ಇಂಟರ್‌ನ್ಯಾಷನಲ್ ಪ್ರೈಜ್ ಇನ್ ಸ್ಟ್ಯಾಟಿಸ್ಟಿಕ್ಸ್ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು. ಇಲ್ಲಿ ಎರಡು ವಿಷಯ ಗಮನಿಸಿ. ರಾವ್ ಮೊದಲು ಗಣಿತ ಗಟ್ಟಿಯಾಗಿ ಓದಿ ಆಮೇಲೆ ಸಂಖ್ಯಾಶಾಸ್ತ್ರಕ್ಕೆ ಬಂದವರು. ಮತ್ತೆ ಆ ಪ್ರಶ್ನೆ ಕೇಳಿದ್ದು ಬೆಂಚಿನಲ್ಲಿ ಕೂತ ವಿದ್ಯಾರ್ಥಿ. ನೀವೂ ಕೇಳಿ. ನಿಮ್ಮ ಮೇಷ್ಟ್ರಿಗೆ ಉತ್ತರ ಬರದಿದ್ದರೆ ಅವರಿಗೆ ಬೇಸರ ಆಗುವುದಿಲ್ಲ, ನಾನು ಭರವಸೆ ಕೊಡುತ್ತೇನೆ.

ಮೂರನೇ ಸ್ವಭಾವದವರು ಇದ್ದಾರೆ. ಅವರಿಗೆ ಆಕಾರ, ಹೊಂದಾಣಿಕೆ ಇಷ್ಟ. ಬೆಳಗ್ಗೆ ಅಂಗಳದಲ್ಲಿ ಚೌಕದ ರಂಗೋಲಿ ಹಾಕುತ್ತೀರಿ. ಅದನ್ನು ಕಾಲು ಸುತ್ತು ತಿರುಗಿಸಿದರೂ ಹಾಗೇ ಕಾಣುತ್ತದೆ. ಕನ್ನಡಿ ಹಿಡಿದರೂ ಹಾಗೇ. ಹೀಗೆ ಹಾಗೇ ಉಳಿಸುವ ಕ್ರಿಯೆಗಳು ಒಟ್ಟು ಎಂಟು: ತಿರುಗಿಸುವುದು ನಾಲ್ಕು, ಸುಮ್ನೆ ಇಡುವುದೂ ಅದರಲ್ಲಿ ಸೇರಿದೆ, ಮಗುಚುವುದು ನಾಲ್ಕು. ತಿರುಗಿಸಿ ಮಗುಚಿದ್ದಕ್ಕೂ, ಮಗುಚಿ ತಿರುಗಿಸಿದ್ದಕ್ಕೂ ವ್ಯತ್ಯಾಸ ಇದೆ. ಒಂದು ಚೌಕದ ಕಾಗದದ ಮೂಲೆಗಳಿಗೆ ಸಂಖ್ಯೆ ಬರೆದು ಮಾಡಿ ನೋಡಿ. ಇದೇ ಗ್ರೂಪ್ ಥಿಯರಿಯ ಬಾಗಿಲು, ಆಲ್ಜೀಬ್ರಾ ಪೇಪರ್. ಹೈಸ್ಕೂಲ್ ಟೀಚರ್ ಆಗಬೇಕು ಅನ್ನುವವರು ಇದನ್ನೂ ನಂಬರ್ ಥಿಯರಿಯನ್ನೂ ತಗೊಳ್ಳಿ. ಋಣ ಸಲ ಋಣ ಯಾಕೆ ಧನ ಅಂತ ಏಳನೇ ತರಗತಿಯ ಮಗು ಕೇಳಿದಾಗ 'ಅದು ರೂಲ್' ಅನ್ನದೆ ಉತ್ತರ ಕೊಡುವ ಶಕ್ತಿ ಅಲ್ಲಿ ಸಿಗುತ್ತದೆ.

ನ್ಯೂಮರಿಕಲ್ ಮೆಥಡ್ಸ್ ಬಗ್ಗೆ ಚಿಕ್ಕದಾಗಿ. ಒಳ್ಳೆಯ ಪೇಪರ್. ಆದರೆ ಕ್ಯಾಲ್ಕುಲೇಟರ್ ಒತ್ತಿ ಕೋಷ್ಟಕ ತುಂಬುವುದಕ್ಕೆ ತಗೊಳ್ಳಬೇಡಿ. ಜೊತೆಗೆ ಪೈಥಾನ್ ಕಲಿತರೆ ಮಾತ್ರ ಅದಕ್ಕೆ ಜೀವ ಬರುತ್ತದೆ. ಕಾಂಪ್ಲೆಕ್ಸ್ ಅನಾಲಿಸಿಸ್, ಟೋಪಾಲಜಿ ಎರಡೂ ರಿಯಲ್ ಅನಾಲಿಸಿಸ್ ಆದಮೇಲೆ. ಅದಕ್ಕೆ ಮೊದಲು ಬೇಡ. ಕಂಪ್ಯೂಟರ್ ಸೈನ್ಸ್ ಕಾಂಬಿನೇಷನ್ ಇರುವವರಿಗೆ ಗ್ರಾಫ್ ಥಿಯರಿ ಚೆನ್ನಾಗಿ ಹೊಂದುತ್ತದೆ.

ಐಐಟಿಗಳಲ್ಲಿ ಎಂ.ಎಸ್ಸಿ ಮಾಡುವ ಆಸೆ ಇದ್ದವರು ಕೈ ಎತ್ತಿ. ಇಷ್ಟೇನಾ? ಎತ್ತಿ, ನಾಚಿಕೊಳ್ಳಬೇಡಿ. ಅದರ ಪ್ರವೇಶ ಪರೀಕ್ಷೆಯ ಹೆಸರು ಜಾಮ್. ಮೂರು ಗಂಟೆ, 60 ಪ್ರಶ್ನೆ, 100 ಮಾರ್ಕ್ಸ್. ಗಣಿತದ ಸಿಲಬಸ್ ತೆಗೆದು ನೋಡಿದರೆ ನಾನು ಇಷ್ಟೊತ್ತು ಹೇಳಿದ್ದೇ ಇದೆ. ರಿಯಲ್ ಅನಾಲಿಸಿಸ್, ಹಲವು ಚರಗಳ ಕ್ಯಾಲ್ಕುಲಸ್, ಡಿಫರೆನ್ಶಿಯಲ್ ಈಕ್ವೇಶನ್, ಲೀನಿಯರ್ ಆಲ್ಜೀಬ್ರಾ, ಗ್ರೂಪ್ ಥಿಯರಿ. ಸಂಖ್ಯಾಶಾಸ್ತ್ರ ಹಿಡಿಸಿದವರಿಗೆ ಬೇರೆಯದೇ ಜಾಮ್ ಪೇಪರ್ ಇದೆ. ಅಂದರೆ 'ಸ್ಕೋರಿಂಗ್' ಅಂತ ಬೇರೆ ಪೇಪರ್ ತಗೊಂಡವರು ಆಮೇಲೆ ಕೋಚಿಂಗಿಗೆ ದುಡ್ಡು ಕೊಟ್ಟು ಇವನ್ನೇ ಕಲಿಯುತ್ತಾರೆ.

ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಮಾತು ಓಡುತ್ತಿದೆ, ನನಗೆ ಗೊತ್ತು. ಮೇಡಂ, ನಮ್ಮ ಕಾಲೇಜಿನಲ್ಲಿ ಆಯ್ಕೆ ಅಂತ ಹೆಸರಿಗೆ ಇದೆ, ಪಾಠ ಮಾಡುವವರು ಯಾವುದಕ್ಕೆ ಇದ್ದಾರೋ ಅದೇ ಪೇಪರ್. ನಿಜ. ಈ ಭಾಗದ ಎಷ್ಟೋ ಕಾಲೇಜುಗಳಲ್ಲಿ ಗಣಿತ ವಿಭಾಗ ಅಂದರೆ ಒಬ್ಬಿಬ್ಬರು. ಅದು ಸರಿಯಲ್ಲ, ಅದನ್ನು ಕೇಳುವ ಹಕ್ಕು ನಿಮಗಿದೆ. ಹತ್ತು ಜನ ಸೇರಿ ನಮಗೆ ಲೀನಿಯರ್ ಆಲ್ಜೀಬ್ರಾ ಬೇಕು ಅಂತ ಪ್ರಿನ್ಸಿಪಾಲರಿಗೆ ಬರೆದು ಕೊಡಿ. ಅಲ್ಲಿಯವರೆಗೆ ಎನ್‌ಪಿಟೆಲ್ ಅನ್ನುವ, ಐಐಟಿಗಳ ಆನ್‌ಲೈನ್ ಪಾಠಗಳು ಉಚಿತವಾಗಿವೆ. ಮೊಬೈಲಿನಲ್ಲಿ ಒಬ್ಬರೇ ನೋಡಬೇಡಿ, ನಿದ್ದೆ ಬರುತ್ತದೆ. ಮೂವರು ಸೇರಿ, ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಈಗ ಏನು ಹೇಳಿದರು ಅಂತ ಒಬ್ಬರು ಇನ್ನೊಬ್ಬರಿಗೆ ಕನ್ನಡದಲ್ಲಿ ಹೇಳಿ. ಬೇಸಿಗೆ ರಜೆಗೆ ಎಂಟಿಟಿಎಸ್ ಅನ್ನುವ ಗಣಿತ ತರಬೇತಿ ಶಿಬಿರಕ್ಕೆ ಅರ್ಜಿ ಹಾಕಿ. 1993ರಿಂದ ನಡೆಯುತ್ತಿರುವ ಶಿಬಿರ ಅದು. ಅಲ್ಲಿ ಬೋರ್ಡಿನ ಮುಂದೆ ನಿಲ್ಲಿಸಿ ಯೋಚಿಸಲು ಬಿಡುತ್ತಾರೆ. ನಮ್ಮ ಹುಡುಗ ಹುಡುಗಿಯರು ಅರ್ಜಿಯನ್ನೇ ಹಾಕುವುದಿಲ್ಲ. ಹಾಕಿ.

ಪೇಪರ್ ಹೆಸರು ನೋಡಿ ಆರಿಸುವುದಕ್ಕಿಂತ, ಸೀನಿಯರ್ ಮಾತು ಕೇಳಿ ಆರಿಸುವುದಕ್ಕಿಂತ, ಒಂದೊಂದು ಲೆಕ್ಕದ ಜೊತೆ ಒಂದು ಸಂಜೆ ಕೂತು ನೋಡಿ. ನಾಲ್ಕು ಕೆಲಸ ಕೊಡುತ್ತೇನೆ. ಬರೆದುಕೊಳ್ಳಿ.

ಬಿಸಿ ಚಹಾ ಒಂದು ಲೋಟ ಇಟ್ಟು, ಲ್ಯಾಬಿನಿಂದ ಥರ್ಮಾಮೀಟರ್ ಕೇಳಿ ತಂದು, ಎರಡು ನಿಮಿಷಕ್ಕೊಮ್ಮೆ ಉಷ್ಣತೆ ಬರೆಯಿರಿ. ಇಪ್ಪತ್ತು ನಿಮಿಷದ ನಂತರ, ಮುಂದಿನ ಹತ್ತು ನಿಮಿಷಕ್ಕೆ ಎಷ್ಟಾಗುತ್ತದೆ ಅಂತ ಅಳೆಯುವ ಮೊದಲೇ ಹೇಳಲು ಪ್ರಯತ್ನಿಸಿ.

ಒಂದೇ ಬ್ರ್ಯಾಂಡಿನ ಐದು ಬೆಂಕಿಪೆಟ್ಟಿಗೆ ತಂದು ಕಡ್ಡಿ ಎಣಿಸಿ. ಆರನೆಯದನ್ನು ಎಣಿಸದೆಯೇ, ಅದರಲ್ಲಿ ಎಷ್ಟರಿಂದ ಎಷ್ಟರವರೆಗೆ ಇರಬಹುದು ಅಂತ ಹೇಳಿ. ನಿಮ್ಮ ಮಾತಿನ ಮೇಲೆ ನಿಮಗೆ ಎಷ್ಟು ನಂಬಿಕೆ ಅಂತಲೂ ಬರೆಯಿರಿ.

ಗುಳೆಯ ಲೆಕ್ಕಕ್ಕೆ ಮೂರನೆಯ ಊರು ಸೇರಿಸಿ. ಹಳ್ಳಿ, ರಾಯಚೂರು, ಬೆಂಗಳೂರು. ಶೇಕಡಾವಾರು ನೀವೇ ಹಾಕಿ. ಎಲ್ಲಿ ನಿಲ್ಲುತ್ತದೆ?

ನಾಲ್ಕನೆಯದು. 1, 1 ಕೂಡಿಸು 3, 1 ಕೂಡಿಸು 3 ಕೂಡಿಸು 5. ಉತ್ತರ 1, 4, 9. ಬೆಸ ಸಂಖ್ಯೆಗಳನ್ನು ಹೀಗೆ ಮೊದಲಿನಿಂದ ಕೂಡಿಸಿದರೆ ಯಾವಾಗಲೂ ವರ್ಗ ಸಂಖ್ಯೆಯೇ ಬರುತ್ತದೆ. 'ಯಾವಾಗಲೂ' ಅಂತ ನನಗೆ ಒಪ್ಪಿಸಿ. ನೂರು ಉದಾಹರಣೆ ಕೊಟ್ಟರೆ ನಾನು ಒಪ್ಪುವುದಿಲ್ಲ. ಬೇಕಾದರೆ ರಂಗೋಲಿ ಚುಕ್ಕಿ ಇಟ್ಟು ತೋರಿಸಿ.

ಯಾವುದನ್ನು ಮಾಡುತ್ತಾ ಅವ್ವ ಊಟಕ್ಕೆ ಕರೆದಾಗ 'ಬಂದೆ, ಒಂದ್ನಿಮಿಷ' ಅಂತ ಕೂತೇ ಇದ್ದಿರೋ, ಅದರ ಪೇಪರನ್ನು ಫಾರ್ಮಿನಲ್ಲಿ ಬರೆಯಿರಿ. ಫಾರ್ಮು ಕೊಡಲು ಶನಿವಾರದವರೆಗೆ ಸಮಯ ಇದೆ. ನಾನು ಅಲ್ಲಿಯವರೆಗೆ ಪ್ರತಿ ದಿನ ಮೂರು ಗಂಟೆಯ ನಂತರ ನಿಮ್ಮ ಗಣಿತ ವಿಭಾಗದಲ್ಲೇ ಕೂತಿರುತ್ತೇನೆ.